ಸುದ್ದಿಯ ಸತ್ಯಪರಿಶೀಲನೆ

ಸುದ್ದಿಯ ಸತ್ಯಪರಿಶೀಲನೆ ಎಂದರೆ ವರದಿಗಾರರಿಗೆ ದೊರೆತ ಮಾಹಿತಿಯು ನಿಜವೇ, ಅದು ಯಾರಿಂದ ಬಂದಿತು, ಹೇಳಿದವರಿಗೆ ಅದು ಹೇಗೆ ತಿಳಿಯಿತು ಎಂಬುದನ್ನು ಪ್ರಕಟಣೆಗೆ ಮೊದಲೇ ಪರೀಕ್ಷಿಸುವ ಕಾರ್ಯವಿಧಾನ. ಮೂಲಗಳ ಪರೀಕ್ಷೆ, ದಾಖಲೆಗಳ ಸಂಗ್ರಹ, ಆರೋಪಕ್ಕೆ ಒಳಗಾದವರ ಉತ್ತರವನ್ನು ಪಡೆಯುವುದು, ಹೆಸರು ಮತ್ತು ಅಂಕಿಗಳನ್ನು ತಾಳೆ ನೋಡುವುದು, ಚಿತ್ರ ಹಾಗೂ ವಿಡಿಯೊಗಳ ಮೂಲವನ್ನು ಹುಡುಕುವುದು ಇದರ ಮುಖ್ಯ ಅಂಗಗಳು. ಪ್ರಕಟಣೆಯ ಅನಂತರ ಕಂಡುಬಂದ ತಪ್ಪನ್ನು ಒಪ್ಪಿಕೊಂಡು ತಿದ್ದುವುದೂ ಇದೇ ಕಾರ್ಯದ ಭಾಗವೆಂದು ಪರಿಗಣಿಸಲಾಗುತ್ತದೆ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ಕನ್ನಡದ ಗಾದೆಯು ಈ ಕಾರ್ಯದ ತಿರುಳನ್ನು ಸಂಕ್ಷೇಪವಾಗಿ ಹೇಳುತ್ತದೆ.

ಪರಿಕಲ್ಪನೆ

ಅಮೆರಿಕದ ಪತ್ರಕರ್ತರಾದ ಬಿಲ್ ಕೊವಾಚ್ ಮತ್ತು ಟಾಮ್ ರೋಸೆನ್‌ಸ್ಟೀಲ್ ೨೦೦೧ರಲ್ಲಿ ಪ್ರಕಟಿಸಿದ 'ದಿ ಎಲಿಮೆಂಟ್ಸ್ ಆಫ್ ಜರ್ನಲಿಸಂ' ಎಂಬ ಗ್ರಂಥದಲ್ಲಿ, ಪತ್ರಿಕಾವೃತ್ತಿಯ ಮೊದಲ ಹೊಣೆ ಸತ್ಯಕ್ಕೆ ಸಲ್ಲುತ್ತದೆಂದೂ ಪರಿಶೀಲನೆಯ ಶಿಸ್ತೇ ಆ ವೃತ್ತಿಯ ಸಾರವೆಂದೂ ಪ್ರತಿಪಾದಿಸಿದರು. ಮನರಂಜನೆ, ಪ್ರಚಾರ, ಕಥಾಸಾಹಿತ್ಯ ಮುಂತಾದವುಗಳಿಂದ ಸುದ್ದಿಯನ್ನು ಬೇರ್ಪಡಿಸುವುದು ಈ ಶಿಸ್ತೇ ಎಂಬುದು ಅವರ ವಾದ. ಅವರ ದೃಷ್ಟಿಯಲ್ಲಿ ವಸ್ತುನಿಷ್ಠತೆ ಎಂಬುದು ಬರೆಯುವ ವ್ಯಕ್ತಿಯ ಗುಣಕ್ಕಿಂತ ಹೆಚ್ಚಾಗಿ ಅವನು ಅನುಸರಿಸುವ ವಿಧಾನಕ್ಕೆ ಸಂಬಂಧಿಸಿದ್ದು. ಪತ್ರಕರ್ತನಿಗೆ ಒಲವುಗಳು ಇದ್ದೇ ಇರುತ್ತವೆ. ಆ ಒಲವುಗಳು ವರದಿಯನ್ನು ಕೆಡಿಸದಂತೆ ತಡೆಯಲು ವಿಧಾನ ಬೇಕಾಗುತ್ತದೆ.

ಈ ವಿಚಾರಕ್ಕೆ ಹಳೆಯ ಹಿನ್ನೆಲೆಯಿದೆ. ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ ೧೯೨೦ರಲ್ಲಿ 'ದಿ ನ್ಯೂ ರಿಪಬ್ಲಿಕ್' ಪತ್ರಿಕೆಯಲ್ಲಿ 'ಎ ಟೆಸ್ಟ್ ಆಫ್ ದಿ ನ್ಯೂಸ್' ಎಂಬ ಅಧ್ಯಯನವನ್ನು ಪ್ರಕಟಿಸಿದರು. ರಷ್ಯಾದ ಕ್ರಾಂತಿಯನ್ನು ಕುರಿತು 'ದಿ ನ್ಯೂಯಾರ್ಕ್ ಟೈಮ್ಸ್' ೧೯೧೭ರಿಂದ ೧೯೨೦ರವರೆಗೆ ಪ್ರಕಟಿಸಿದ ವರದಿಗಳನ್ನು ಅವರು ಪರೀಕ್ಷಿಸಿದರು. ಬೋಲ್ಶೆವಿಕ್ ಆಡಳಿತವು ಕುಸಿಯಲಿದೆ ಅಥವಾ ಕುಸಿದಿದೆ ಎಂಬರ್ಥದ ವರದಿಗಳು ಆ ಅವಧಿಯಲ್ಲಿ ೯೧ ಬಾರಿ ಬಂದಿದ್ದವು. ಆಡಳಿತವಾದರೋ ಕುಸಿದಿರಲಿಲ್ಲ. ವರದಿಗಾರರು ಮತ್ತು ಸಂಪಾದಕರು ತಾವು ಏನಾಗಲೆಂದು ಬಯಸಿದರೋ ಅದನ್ನೇ ಕಂಡರೆಂಬುದು ಅಧ್ಯಯನದ ತೀರ್ಮಾನವಾಗಿತ್ತು. ತನ್ನ ನಂಬಿಕೆಗೆ ಒಪ್ಪುವ ಮಾಹಿತಿಯನ್ನೇ ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆಂಬ ಪಾಠವು ಮುಂದಿನ ಅನೇಕ ವೈಫಲ್ಯಗಳಲ್ಲಿಯೂ ಮರಳಿ ಕಾಣಿಸಿಕೊಂಡಿದೆ.

ಪರಿಶೀಲನೆಯ ವಿಧಾನಗಳು

ಮೂಲದ ಪರೀಕ್ಷೆ

ವರದಿಗಾರನು ಮಾಹಿತಿದಾರನ ಬಗ್ಗೆ ಮುಖ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ. ಇವರು ಘಟನೆಯನ್ನು ಕಣ್ಣಾರೆ ಕಂಡವರೇ, ಬೇರೆಯವರಿಂದ ಕೇಳಿದವರೇ? ಈ ವಿಷಯವನ್ನು ತಿಳಿದಿರಲು ಅವರಿಗೆ ಅವಕಾಶವಿತ್ತೇ? ಇದು ಪ್ರಕಟವಾದರೆ ಅವರಿಗೆ ಆಗುವ ಲಾಭ ಅಥವಾ ನಷ್ಟವೇನು? ಹಿತಾಸಕ್ತಿ ಇದ್ದ ಮಾತ್ರಕ್ಕೆ ಮಾಹಿತಿ ಸುಳ್ಳಾಗುವುದಿಲ್ಲ. ಆದರೆ ಅಂತಹ ಮಾಹಿತಿಗೆ ಬೇರೆ ಆಧಾರವನ್ನು ಹುಡುಕುವುದು ಅಗತ್ಯವಾಗುತ್ತದೆ.

ಅಧಿಕೃತ ಮೂಲಗಳಿಗೂ ಮಿತಿಯಿದೆ. ಪೊಲೀಸ್ ಠಾಣೆಯ ಪ್ರಥಮ ವರ್ತಮಾನ ವರದಿಯು ದೂರು ದಾಖಲಾಗಿದೆ ಎಂಬುದಕ್ಕೆ ಸಾಕ್ಷಿ. ದೂರಿನಲ್ಲಿ ಹೇಳಿದ ಘಟನೆ ನಡೆದಿದೆ ಎಂಬುದಕ್ಕೆ ಅದೊಂದೇ ಸಾಕ್ಷಿಯಾಗದು. ಆದ್ದರಿಂದಲೇ ನ್ಯಾಯಾಲಯದ ತೀರ್ಪು ಬರುವವರೆಗೆ 'ಆರೋಪಿ' ಎಂಬ ಪದವನ್ನು ಬಳಸಬೇಕು, 'ಅಪರಾಧಿ' ಎಂದು ಬರೆಯಬಾರದು ಎಂಬ ನಿಯಮವಿದೆ. ಅಪಘಾತ ಮತ್ತು ವಿಪತ್ತುಗಳಲ್ಲಿ ಮೃತರ ಸಂಖ್ಯೆಯು ಆಸ್ಪತ್ರೆ, ಪೊಲೀಸ್, ಜಿಲ್ಲಾಡಳಿತಗಳಲ್ಲಿ ಬೇರೆ ಬೇರೆಯಾಗಿ ದೊರೆಯಬಹುದು. ಆಗ ಯಾವ ಮೂಲ, ಯಾವ ಹೊತ್ತಿನ ಲೆಕ್ಕ ಎಂಬುದನ್ನು ವರದಿಯಲ್ಲಿಯೇ ನಮೂದಿಸಲಾಗುತ್ತದೆ.

ಎರಡು ಮೂಲಗಳ ನಿಯಮ

ಗಂಭೀರವಾದ ಆರೋಪವನ್ನು ಪರಸ್ಪರ ಸಂಬಂಧವಿಲ್ಲದ ಎರಡು ಮೂಲಗಳಾದರೂ ದೃಢಪಡಿಸಿದ ಹೊರತು ಪ್ರಕಟಿಸಬಾರದು ಎಂಬ ನಿಯಮವು ವಾಟರ್‌ಗೇಟ್ ಹಗರಣದ ವರದಿಗಾರಿಕೆಯಿಂದ ಪ್ರಸಿದ್ಧವಾಯಿತು. ೧೯೭೨ರ ಜೂನ್ ೧೭ರಂದು ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದ ಬಳಿಕ, 'ದಿ ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್ ಆ ಪ್ರಕರಣದ ಬೆನ್ನುಹತ್ತಿದರು. ಇಲ್ಲಿ ಮೂಲಗಳ ಸಂಖ್ಯೆಗಿಂತ ಅವುಗಳ ಸ್ವಾತಂತ್ರ್ಯ ಮುಖ್ಯ. ಒಬ್ಬನೇ ವ್ಯಕ್ತಿಯಿಂದ ಕೇಳಿದ ಇಬ್ಬರು ಅದನ್ನೇ ಹೇಳಿದರೆ ಮೂಲ ಒಂದೇ ಆಗಿ ಉಳಿಯುತ್ತದೆ.

ಈ ನಿಯಮವನ್ನು ಪಾಲಿಸಿದವರೂ ಎಡವಿದ್ದುಂಟು. ಅಧ್ಯಕ್ಷ ನಿಕ್ಸನ್ ಅವರ ಆಪ್ತ ಅಧಿಕಾರಿ ಎಚ್. ಆರ್. ಹಾಲ್ಡಮನ್ ಅವರಿಗೆ ರಹಸ್ಯ ನಿಧಿಯ ಮೇಲೆ ಹತೋಟಿಯಿತ್ತೆಂದು ಹ್ಯೂ ಸ್ಲೋನ್ ಎಂಬವರು ಗ್ರ್ಯಾಂಡ್ ಜ್ಯೂರಿಯ ಮುಂದೆ ಸಾಕ್ಷ್ಯ ನುಡಿದಿದ್ದಾರೆ ಎಂದು ಪತ್ರಿಕೆ ೧೯೭೨ರ ಅಕ್ಟೋಬರ್ ೨೫ರಂದು ವರದಿ ಮಾಡಿತು. ನಿಧಿಯ ಮಾತು ನಿಜವಾಗಿತ್ತು. ಸ್ಲೋನ್ ಹಾಗೆ ಸಾಕ್ಷ್ಯ ನುಡಿದಿದ್ದಾರೆ ಎಂಬ ಮಾತು ತಪ್ಪಾಗಿತ್ತು. ಸುದ್ದಿಯನ್ನು ಖಚಿತಪಡಿಸಿಕೊಳ್ಳಲು ಬರ್ನ್‌ಸ್ಟೀನ್ ಒಬ್ಬ ಸರ್ಕಾರಿ ವಕೀಲರೊಂದಿಗೆ ಒಂದು ಸಂಕೇತವನ್ನು ಗೊತ್ತುಮಾಡಿಕೊಂಡಿದ್ದರು. ತಾವು ಹತ್ತರವರೆಗೆ ಎಣಿಸುವುದರೊಳಗೆ ಫೋನ್ ಇಟ್ಟರೆ ಸುದ್ದಿ ತಪ್ಪು, ಇಡದಿದ್ದರೆ ಸರಿ ಎಂಬುದೇ ಆ ಸಂಕೇತ. ವಕೀಲರು ಅದನ್ನು ಬೇರೆಯಾಗಿ ಅರ್ಥಮಾಡಿಕೊಂಡಿದ್ದರು. ಮೌನವನ್ನು ಒಪ್ಪಿಗೆಯೆಂದು ಎಣಿಸುವುದು ದೃಢೀಕರಣವಾಗುವುದಿಲ್ಲ ಎಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸಲಾಗುತ್ತದೆ.

ದಾಖಲೆಗಳು

ಲಿಖಿತ ದಾಖಲೆಗಳು ನೆನಪಿನ ದೋಷದಿಂದಲೂ ಹೇಳಿಕೆ ಬದಲಿಸುವವರಿಂದಲೂ ವರದಿಯನ್ನು ರಕ್ಷಿಸುತ್ತವೆ. ಭಾರತದಲ್ಲಿ ಬೋಫೋರ್ಸ್ ಪ್ರಕರಣವು ಇದಕ್ಕೆ ಪ್ರಸಿದ್ಧ ನಿದರ್ಶನ. ಫಿರಂಗಿ ಖರೀದಿಯಲ್ಲಿ ಲಂಚ ಸಂದಾಯವಾಗಿದೆಯೆಂದು ಸ್ವೀಡನ್ ರೇಡಿಯೊ ೧೯೮೭ರ ಏಪ್ರಿಲ್‌ನಲ್ಲಿ ಪ್ರಸಾರ ಮಾಡಿತು. ಚಿತ್ರಾ ಸುಬ್ರಮಣ್ಯಂ ಮತ್ತು ಎನ್. ರಾಮ್ ಅವರು 'ದಿ ಹಿಂದೂ' ಪತ್ರಿಕೆಯಲ್ಲಿ ೧೯೮೮ರಿಂದ ಹಣ ಸಂದಾಯಕ್ಕೆ ಸಂಬಂಧಿಸಿದ ದಾಖಲೆಗಳ ಪ್ರತಿಗಳನ್ನೇ ಪ್ರಕಟಿಸಿದರು. ಓದುಗರು ಪತ್ರಿಕೆಯ ಮಾತನ್ನು ನಂಬಬೇಕಾದ ಅಗತ್ಯ ಉಳಿಯಲಿಲ್ಲ. ಕಾಗದಪತ್ರಗಳು ಅವರ ಕಣ್ಣೆದುರಿಗೇ ಇದ್ದವು. ದಾಖಲೆಗಳನ್ನು ಒದಗಿಸಿದವರು ಸ್ವೀಡನ್ನಿನ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್ ಎಂಬುದು ೨೦೧೨ರಲ್ಲಿ, ಅವರೇ ಬಹಿರಂಗವಾಗಿ ಹೇಳಿಕೊಂಡ ಮೇಲೆ ತಿಳಿಯಿತು. ಅಲ್ಲಿಯವರೆಗೂ ಮೂಲದ ಗೋಪ್ಯವನ್ನು ಕಾಪಾಡಲಾಗಿತ್ತು.

ಗುಟ್ಟಾದ ದಾಖಲೆಗಳಷ್ಟೇ ಸಾರ್ವಜನಿಕ ದಾಖಲೆಗಳೂ ಉಪಯುಕ್ತ. ಕ್ಯಾಥೊಲಿಕ್ ಪಾದ್ರಿಗಳಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ೨೦೦೨ರ ಜನವರಿಯಲ್ಲಿ ಬಯಲಿಗೆಳೆದ 'ದಿ ಬೋಸ್ಟನ್ ಗ್ಲೋಬ್' ಪತ್ರಿಕೆಯ ಸ್ಪಾಟ್‌ಲೈಟ್ ತಂಡವು ಚರ್ಚ್ ಪ್ರತಿವರ್ಷ ಅಚ್ಚುಹಾಕಿಸುತ್ತಿದ್ದ ಪಾದ್ರಿಗಳ ಹೆಸರುಪಟ್ಟಿಗಳನ್ನು ಸಾಲುಸಾಲಾಗಿ ಪರಿಶೀಲಿಸಿತು. ಅನಾರೋಗ್ಯದ ರಜೆ ಮುಂತಾದ ಕಾರಣಗಳ ಹೆಸರಿನಲ್ಲಿ ಯಾರು ಯಾವಾಗ ಸ್ಥಾನದಿಂದ ಸರಿದಿದ್ದರೆಂಬುದನ್ನು ಪಟ್ಟಿಮಾಡಿ, ಸಂತ್ರಸ್ತರ ಹೇಳಿಕೆಗಳೊಂದಿಗೆ ಮತ್ತು ನ್ಯಾಯಾಲಯದ ಕಡತಗಳೊಂದಿಗೆ ಹೋಲಿಸಿತು. ಈ ವರದಿಗಳಿಗೆ ೨೦೦೩ರಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು.

ಭಾರತದಲ್ಲಿ ಮಾಹಿತಿ ಹಕ್ಕು ಅಧಿನಿಯಮ, ೨೦೦೫ ಸರ್ಕಾರಿ ದಾಖಲೆಗಳನ್ನು ಕೇಳಿ ಪಡೆಯಲು ಎಲ್ಲ ನಾಗರಿಕರಿಗೂ ಅವಕಾಶ ನೀಡಿದೆ. ಕರ್ನಾಟಕದಲ್ಲಿ 'ಭೂಮಿ' ಯೋಜನೆಯಡಿ ಗಣಕೀಕೃತವಾಗಿರುವ ಪಹಣಿಗಳು ಜಮೀನಿನ ವಿವಾದಗಳನ್ನು ವರದಿ ಮಾಡುವವರಿಗೆ ನೆರವಾಗುತ್ತವೆ.

ಆರೋಪಕ್ಕೆ ಒಳಗಾದವರ ಉತ್ತರ

ಯಾರ ವಿರುದ್ಧ ವರದಿ ಬರಲಿದೆಯೋ ಅವರಿಗೆ ಆರೋಪದ ವಿವರಗಳನ್ನು ತಿಳಿಸಿ, ಉತ್ತರಿಸಲು ಸಾಕಷ್ಟು ಸಮಯ ಕೊಡುವುದು ಪರಿಶೀಲನೆಯ ಅಂಗ. ಇದನ್ನು ಕೇವಲ ಸೌಜನ್ಯವೆಂದು ಭಾವಿಸುವುದು ಸರಿಯಲ್ಲ. ವರದಿಯಲ್ಲಿನ ತಪ್ಪನ್ನು ಹುಡುಕುವ ಆಸಕ್ತಿ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಅವರಿಗೇ. ಪ್ರಕಟಣೆಗೆ ಹತ್ತು ನಿಮಿಷ ಮೊದಲು ಕರೆಮಾಡಿ 'ಸಂಪರ್ಕಕ್ಕೆ ಸಿಗಲಿಲ್ಲ' ಎಂದು ಬರೆಯುವುದರಿಂದ ಈ ಉದ್ದೇಶವು ನೆರವೇರುವುದಿಲ್ಲ.

ಹೆಸರು, ಸ್ಥಳ ಮತ್ತು ಅಂಕಿಗಳು

ಸಣ್ಣ ವಿವರಗಳ ತಪ್ಪು ದೊಡ್ಡ ಹಾನಿಯನ್ನು ಮಾಡಬಲ್ಲದು. ಒಂದೇ ಹೆಸರಿನ ಹಲವರು ಒಂದೇ ಊರಿನಲ್ಲಿರಬಹುದಾದ್ದರಿಂದ ಅಪರಾಧ ವರದಿಗಳಲ್ಲಿ ವಯಸ್ಸು, ಬಡಾವಣೆ, ವೃತ್ತಿಗಳನ್ನು ಸೇರಿಸುವ ರೂಢಿಯಿದೆ. ಹೊಸಹಳ್ಳಿ, ರಾಂಪುರ ಮುಂತಾದ ಹೆಸರಿನ ಗ್ರಾಮಗಳು ಕರ್ನಾಟಕದ ಅನೇಕ ತಾಲ್ಲೂಕುಗಳಲ್ಲಿರುವುದರಿಂದ ತಾಲ್ಲೂಕು, ಜಿಲ್ಲೆಗಳನ್ನು ನಮೂದಿಸದ ವರದಿ ಅಪೂರ್ಣವಾಗುತ್ತದೆ. ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ತರುವಾಗ ಮಿಲಿಯನ್ ಎಂಬುದನ್ನು ಹತ್ತು ಲಕ್ಷವೆಂದೂ ಬಿಲಿಯನ್ ಎಂಬುದನ್ನು ನೂರು ಕೋಟಿಯೆಂದೂ ಪರಿವರ್ತಿಸುವಲ್ಲಿ ಸೊನ್ನೆಗಳು ತಪ್ಪುವ ಸಂಭವವಿದೆ.

ಇಂತಹ ವಿವರಗಳ ಪರೀಕ್ಷೆಗೆಂದೇ ಪ್ರತ್ಯೇಕ ವಿಭಾಗವನ್ನು ಇರಿಸಿಕೊಂಡಿರುವ ಪತ್ರಿಕೆಗಳಲ್ಲಿ 'ದಿ ನ್ಯೂಯಾರ್ಕರ್' ಪ್ರಮುಖವಾದುದು. ಕವಯಿತ್ರಿ ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇ ಅವರನ್ನು ಕುರಿತು ೧೯೨೭ರಲ್ಲಿ ಪ್ರಕಟವಾದ ದೋಷಪೂರ್ಣ ಲೇಖನದ ಬಳಿಕ ಅಲ್ಲಿ ಈ ವ್ಯವಸ್ಥೆ ಬೆಳೆಯಿತು.

ಚಿತ್ರ ಮತ್ತು ವಿಡಿಯೊ

ಚಿತ್ರದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಮೊದಲು ಎಲ್ಲಿ ಕಾಣಿಸಿಕೊಂಡಿತು, ಎಲ್ಲಿ ತೆಗೆದದ್ದು, ಯಾವಾಗ ತೆಗೆದದ್ದು. ಹಿಮ್ಮುಖ ಚಿತ್ರಶೋಧದ ಮೂಲಕ ಅದೇ ಚಿತ್ರವು ಹಿಂದೆ ಬೇರೆ ಸಂದರ್ಭದಲ್ಲಿ ಪ್ರಕಟವಾಗಿತ್ತೇ ಎಂದು ನೋಡಬಹುದು. ಅಂಗಡಿಗಳ ನಾಮಫಲಕ, ವಾಹನಗಳ ನೋಂದಣಿ ಸಂಖ್ಯೆ, ಸಮವಸ್ತ್ರ, ನೆರಳಿನ ದಿಕ್ಕು, ಹಿನ್ನೆಲೆಯ ಕಟ್ಟಡ ಮತ್ತು ಬೆಟ್ಟಗಳನ್ನು ಉಪಗ್ರಹ ನಕ್ಷೆಗಳೊಂದಿಗೆ ಹೋಲಿಸುವುದರಿಂದ ಸ್ಥಳ ಮತ್ತು ಕಾಲವನ್ನು ಗುರುತಿಸಲು ಸಾಧ್ಯ. ೨೦೧೪ರ ಜುಲೈ ೧೭ರಂದು ಉಕ್ರೇನಿನ ಆಕಾಶದಲ್ಲಿ ಮಲೇಷ್ಯಾದ ಎಂಎಚ್-೧೭ ವಿಮಾನವನ್ನು ಹೊಡೆದುರುಳಿಸಿದ ಕ್ಷಿಪಣಿ ವಾಹನದ ಚಲನೆಯನ್ನು 'ಬೆಲಿಂಗ್‌ಕ್ಯಾಟ್' ತಂಡವು ಸಾಮಾನ್ಯ ಜನರು ತೆಗೆದಿದ್ದ ಚಿತ್ರ ಹಾಗೂ ವಿಡಿಯೊಗಳಿಂದ ಹೀಗೆಯೇ ಗುರುತಿಸಿತು. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮತ್ತು ಧ್ವನಿಗಳನ್ನು ಸೃಷ್ಟಿಸುವುದು ಸುಲಭವಾಗಿರುವ ಕಾಲದಲ್ಲಿ, ದೃಶ್ಯವನ್ನು ಕಣ್ಣಿನಿಂದ ನೋಡಿ ನಿರ್ಧರಿಸುವುದಕ್ಕಿಂತ ಅದನ್ನು ಮೊದಲು ಹಂಚಿದವರು ಯಾರೆಂದು ಹುಡುಕುವುದು ಹೆಚ್ಚು ಮಹತ್ವ ಪಡೆದಿದೆ.

ಭಾಷೆ ಮತ್ತು ಆಕರದ ನಮೂದು

ಕನ್ನಡದ ಆಡುಮಾತಿನಲ್ಲಿ ಕಂಡದ್ದಕ್ಕೂ ಕೇಳಿದ್ದಕ್ಕೂ ವ್ಯಾಕರಣದಲ್ಲಿಯೇ ವ್ಯತ್ಯಾಸವಿದೆ. 'ಸೇತುವೆ ಬಿತ್ತು' ಎಂದರೆ ಹೇಳುವವನು ಅದಕ್ಕೆ ಹೊಣೆಯಾಗುತ್ತಾನೆ. 'ಸೇತುವೆ ಬಿತ್ತಂತೆ' ಎಂದರೆ ಬೇರೆಯವರ ಮಾತನ್ನು ತಲುಪಿಸುತ್ತಿರುವುದಾಗಿ ತಿಳಿಸುತ್ತಾನೆ. ಆಧಾರವಿಲ್ಲದ ಮಾತುಗಳನ್ನು 'ಅಂತೆಕಂತೆ' ಎಂದು ಕರೆಯುವುದು ಈ ಪ್ರತ್ಯಯದಿಂದಲೇ. ಪತ್ರಿಕಾಭಾಷೆಯಲ್ಲಿ ಇದರ ಸ್ಥಾನವನ್ನು 'ಎನ್ನಲಾಗಿದೆ', 'ಎಂದು ಹೇಳಲಾಗುತ್ತಿದೆ', 'ಎಂದು ಮೂಲಗಳು ತಿಳಿಸಿವೆ' ಎಂಬ ಕರ್ಮಣಿ ಅಥವಾ ಅನಾಮಿಕ ಪ್ರಯೋಗಗಳು ಆಕ್ರಮಿಸಿಕೊಂಡಿವೆ. ಇವುಗಳಿಂದ ಹೇಳಿದವರು ಯಾರೆಂಬುದು ತಿಳಿಯುವುದಿಲ್ಲ. ಹೇಳಿದವರ ಹೆಸರು ಮತ್ತು ಹುದ್ದೆಯನ್ನು ನಮೂದಿಸುವುದು, ಹೆಸರನ್ನು ಮರೆಮಾಡಬೇಕಾದಲ್ಲಿ ಅದಕ್ಕೆ ಕಾರಣವನ್ನು ಕೊಡುವುದು ಉತ್ತಮ ಪದ್ಧತಿಯೆನಿಸಿದೆ.

ಪ್ರಮುಖ ವೈಫಲ್ಯಗಳು

ಡ್ಯೂಯಿ–ಟ್ರೂಮನ್ ಶೀರ್ಷಿಕೆ (೧೯೪೮): ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಥಾಮಸ್ ಡ್ಯೂಯಿ ಗೆದ್ದರೆಂದು 'ಷಿಕಾಗೊ ಡೈಲಿ ಟ್ರಿಬ್ಯೂನ್' ನವೆಂಬರ್ ೩ರ ಸಂಚಿಕೆಯ ಮೊದಲ ಆವೃತ್ತಿಯಲ್ಲಿ ಅಚ್ಚುಹಾಕಿತು. ಗೆದ್ದವರು ಹ್ಯಾರಿ ಟ್ರೂಮನ್. ಮುದ್ರಣ ಕಾರ್ಮಿಕರ ಮುಷ್ಕರದಿಂದಾಗಿ ಪುಟಗಳನ್ನು ಬೇಗನೆ ಸಿದ್ಧಪಡಿಸಬೇಕಾಗಿದ್ದ ಪತ್ರಿಕೆಯು ಎಣಿಕೆಗೆ ಕಾಯದೆ ತನ್ನ ಅನುಭವಿ ವರದಿಗಾರರ ಊಹೆಯನ್ನು ನಂಬಿತ್ತು.

ಹಿಟ್ಲರ್ ದಿನಚರಿ (೧೯೮೩): ಹಿಟ್ಲರನ ದಿನಚರಿಗಳು ತನಗೆ ದೊರೆತಿವೆಯೆಂದು ಜರ್ಮನಿಯ 'ಷ್ಟರ್ನ್' ಪತ್ರಿಕೆ ಏಪ್ರಿಲ್‌ನಲ್ಲಿ ಸಾರಿತು. ಅವನ್ನು ಬರೆದವನು ಕೊನ್ರಾಡ್ ಕುಯಾವ್ ಎಂಬ ನಕಲಿಗಾರ. ಕೈಬರಹದ ತಜ್ಞರಿಗೆ ಹೋಲಿಕೆಗಾಗಿ ಕೊಟ್ಟಿದ್ದ 'ಅಸಲಿ' ಮಾದರಿಗಳಲ್ಲಿ ಕೆಲವು ಅವನೇ ಬರೆದವಾಗಿದ್ದವು. ಆದ್ದರಿಂದ ಬರಹ ತಾಳೆಯಾಯಿತು. ಕಾಗದದಲ್ಲಿ ಎರಡನೆಯ ಮಹಾಯುದ್ಧದ ಅನಂತರವಷ್ಟೇ ಬಳಕೆಗೆ ಬಂದ ಬಿಳುಪುಕಾರಕವಿದೆ ಎಂಬುದು ಪ್ರಯೋಗಾಲಯದ ಪರೀಕ್ಷೆಯಿಂದ ಹೊರಬಿತ್ತು. ಸುದ್ದಿ ಸೋರಿಹೋದೀತೆಂಬ ಭಯದಿಂದ ಪತ್ರಿಕೆಯು ಹೆಚ್ಚು ಜನ ತಜ್ಞರಿಗೆ ದಿನಚರಿಗಳನ್ನು ತೋರಿಸಿರಲಿಲ್ಲ.

ಇರಾಕ್ ಶಸ್ತ್ರಾಸ್ತ್ರ ವರದಿಗಳು (೨೦೦೨–೦೩): ಇರಾಕಿನಲ್ಲಿ ಸಾಮೂಹಿಕ ವಿನಾಶದ ಶಸ್ತ್ರಾಸ್ತ್ರಗಳಿವೆ ಎಂಬ ವರದಿಗಳ ಬಗ್ಗೆ 'ದಿ ನ್ಯೂಯಾರ್ಕ್ ಟೈಮ್ಸ್' ೨೦೦೪ರ ಮೇ ೨೬ರಂದು ಸಂಪಾದಕರ ಟಿಪ್ಪಣಿಯನ್ನು ಪ್ರಕಟಿಸಿತು. ಇರಾಕಿನ ಆಡಳಿತ ಬದಲಾಗಬೇಕೆಂದು ಬಯಸುತ್ತಿದ್ದ ದೇಶಭ್ರಷ್ಟರ ಮಾತನ್ನು ಸಾಕಷ್ಟು ಪರೀಕ್ಷಿಸಲಿಲ್ಲವೆಂದು ಒಪ್ಪಿಕೊಂಡಿತು. ಆ ಹೊತ್ತಿಗೆ ಯುದ್ಧ ಆರಂಭವಾಗಿ ಒಂದು ವರ್ಷ ಕಳೆದಿತ್ತು.

ರೋಲಿಂಗ್ ಸ್ಟೋನ್ ಲೇಖನ (೨೦೧೪): ವರ್ಜೀನಿಯ ವಿಶ್ವವಿದ್ಯಾಲಯದಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತೆಂಬ ಲೇಖನವನ್ನು ಪತ್ರಿಕೆಯು ೨೦೧೫ರ ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡಿತು. ಆ ರಾತ್ರಿ ವಿದ್ಯಾರ್ಥಿನಿಯನ್ನು ಭೇಟಿಯಾಗಿದ್ದರೆನ್ನಲಾದ ಮೂವರು ಸ್ನೇಹಿತರನ್ನು ವರದಿಗಾರ್ತಿ ಮಾತನಾಡಿಸಿರಲಿಲ್ಲವೆಂದು ಕೊಲಂಬಿಯ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆಯ ಪರಿಶೀಲನಾ ವರದಿ ತೋರಿಸಿತು. ಸಂತ್ರಸ್ತರ ಬಗ್ಗೆ ಸಹಾನುಭೂತಿ ಇರಬೇಕಾದದ್ದು ಯುಕ್ತ. ಆದರೆ ಪರಿಶೀಲನೆಯನ್ನು ಕೈಬಿಟ್ಟರೆ ಅದರ ಪೆಟ್ಟು ಬೀಳುವುದು ನಿಜವಾದ ಸಂತ್ರಸ್ತರ ವಿಶ್ವಾಸಾರ್ಹತೆಯ ಮೇಲೆಯೇ ಎಂಬುದನ್ನು ಈ ಪ್ರಕರಣವು ತೋರಿಸಿತು.

ಈ ಪ್ರಕರಣಗಳಲ್ಲಿ ಪರೀಕ್ಷೆಯ ಸಾಧನಗಳು ಕೈಗೆಟುಕುವಂತೆಯೇ ಇದ್ದವು. ಅವಸರ, ಸ್ಪರ್ಧೆ ಅಥವಾ ಆ ಸುದ್ದಿ ನಿಜವಾಗಿರಲೆಂಬ ಆಸೆ ಅವುಗಳ ಬಳಕೆಗೆ ಅಡ್ಡಿಯಾಯಿತು.

ಕರ್ನಾಟಕದಲ್ಲಿ ವದಂತಿಗಳ ಪರಿಣಾಮ

ಪರಿಶೀಲನೆಯಿಲ್ಲದ ಮಾಹಿತಿಯಿಂದ ಆಗುವ ಹಾನಿಯನ್ನು ಕರ್ನಾಟಕವು ನೇರವಾಗಿ ಕಂಡಿದೆ. ೨೦೧೨ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿಯು ಎಸ್‌ಎಂಎಸ್ ಮತ್ತು ಸಾಮಾಜಿಕ ಜಾಲತಾಣಗಳ ಮೂಲಕ ಹರಡಿ, ಸಾವಿರಾರು ಜನರು ಬೆಂಗಳೂರಿನಿಂದ ಗುವಾಹಟಿಯ ರೈಲುಗಳನ್ನು ಹತ್ತಿದರು. ಕೇಂದ್ರ ಸರ್ಕಾರವು ಹದಿನೈದು ದಿನಗಳ ಕಾಲ ಸಗಟು ಎಸ್‌ಎಂಎಸ್‌ಗಳನ್ನು ನಿರ್ಬಂಧಿಸಿತು.

೨೦೧೬ರ ನವೆಂಬರ್‌ನಲ್ಲಿ ಹೊಸ ೨೦೦೦ ರೂಪಾಯಿ ನೋಟಿನಲ್ಲಿ 'ನ್ಯಾನೊ ಚಿಪ್' ಇದೆಯೆಂಬ ಸುದ್ದಿಯು ಕೆಲವು ಟಿ.ವಿ. ವಾಹಿನಿಗಳಲ್ಲಿಯೂ ಪ್ರಸಾರವಾಯಿತು. ರಿಸರ್ವ್ ಬ್ಯಾಂಕ್ ಪ್ರಕಟಿಸಿದ್ದ ನೋಟಿನ ಲಕ್ಷಣಗಳ ಪಟ್ಟಿಯಲ್ಲಿ ಅಂತಹ ಅಂಶವೇ ಇರಲಿಲ್ಲ. ಎಲ್ಲರಿಗೂ ಲಭ್ಯವಿದ್ದ ಒಂದು ಪ್ರಕಟಣೆಯನ್ನು ಓದಿದ್ದರೆ ಸಾಕಾಗಿತ್ತು.

೨೦೧೮ರ ಮಕ್ಕಳ ಕಳ್ಳರ ವದಂತಿಯು ಪ್ರಾಣಗಳನ್ನೇ ತೆಗೆಯಿತು. ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನಿಂದ ಬಂದಿದ್ದ ತಂತ್ರಜ್ಞರೊಬ್ಬರು ಹತರಾದರು, ಅವರೊಂದಿಗಿದ್ದವರು ಗಾಯಗೊಂಡರು. ಆ ದಿನಗಳಲ್ಲಿ ದೇಶದಾದ್ಯಂತ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದವರು ಬೀದಿಯಿಂದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ತಯಾರಿಸಿದ್ದ ಕಿರುಚಿತ್ರ. ಮೂಲ ಚಿತ್ರದ ಕೊನೆಯಲ್ಲಿ ಬೈಕಿನವರು ಮಗುವನ್ನು ಹಿಂದಿರುಗಿಸಿ ಸಂದೇಶದ ಫಲಕವನ್ನು ತೋರಿಸುತ್ತಾರೆ. ಹರಿದಾಡಿದ ವಿಡಿಯೊದಲ್ಲಿ ಆ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಸಂವಾದಗಳಿಗಷ್ಟೇ ರವಾನಿಸುವ ಮಿತಿಯನ್ನು ಪ್ರಕಟಿಸಿತು.

ತಿದ್ದುಪಡಿ

ತಪ್ಪು ಯಾವುದು, ಸರಿಯಾದ ಸಂಗತಿ ಯಾವುದು ಎಂಬುದನ್ನು ಸ್ಪಷ್ಟವಾಗಿ ಹೇಳುವ ತಿದ್ದುಪಡಿಯೇ ಪ್ರಯೋಜನಕಾರಿ. ಮುಖಪುಟದ ತಪ್ಪಿಗೆ ಒಳಪುಟದ ಮೂಲೆಯಲ್ಲಿ ವಿಷಾದವನ್ನು ಅಚ್ಚುಹಾಕುವುದು ಸಮನಾದ ಪರಿಹಾರವಾಗದು. ಅಂತರಜಾಲದ ವರದಿಗಳಲ್ಲಿ ತಪ್ಪನ್ನು ಸದ್ದಿಲ್ಲದೆ ಅಳಿಸುವುದಕ್ಕಿಂತ, ಬದಲಾವಣೆಯ ದಿನಾಂಕ ಮತ್ತು ಸ್ವರೂಪವನ್ನು ತಿಳಿಸುವುದು ಪ್ರಾಮಾಣಿಕವೆನಿಸುತ್ತದೆ. 'ದಿ ಹಿಂದೂ' ಪತ್ರಿಕೆಯು ೨೦೦೬ರಲ್ಲಿ ಓದುಗರ ದೂರುಗಳನ್ನು ಸ್ವತಂತ್ರವಾಗಿ ಪರಿಶೀಲಿಸಲು ಓದುಗರ ಸಂಪಾದಕ ಎಂಬ ಹುದ್ದೆಯನ್ನು ಆರಂಭಿಸಿತು.

ಕಾನೂನು ಮತ್ತು ನೀತಿಸಂಹಿತೆ

ಭಾರತೀಯ ಪತ್ರಿಕಾ ಮಂಡಳಿಯು ೧೯೬೬ರಲ್ಲಿ ಸ್ಥಾಪನೆಗೊಂಡು, ೧೯೭೮ರ ಅಧಿನಿಯಮದಂತೆ ಪುನರ್ರಚನೆಗೊಂಡಿತು. ಅದರ ಪತ್ರಿಕಾ ನಡವಳಿಕೆಯ ಮಾನದಂಡಗಳಲ್ಲಿ ನಿಖರತೆ, ನ್ಯಾಯಪರತೆ ಮತ್ತು ಪ್ರಕಟಣಾಪೂರ್ವ ಪರಿಶೀಲನೆಗೆ ಆರಂಭದಲ್ಲಿಯೇ ಸ್ಥಾನವಿದೆ. ಮಂಡಳಿಯು ಪತ್ರಿಕೆಗಳನ್ನು ಎಚ್ಚರಿಸಬಹುದು, ಖಂಡಿಸಬಹುದು. ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ. ಟಿ.ವಿ. ವಾಹಿನಿಗಳು ಅದರ ವ್ಯಾಪ್ತಿಗೆ ಸೇರುವುದಿಲ್ಲ.

ಮಾನನಷ್ಟವು ಭಾರತೀಯ ದಂಡ ಸಂಹಿತೆಯ ೪೯೯ನೆಯ ಕಲಮಿನಡಿ ಅಪರಾಧವಾಗಿತ್ತು. ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೩೫೬ನೆಯ ಕಲಮು ಅದರ ಸ್ಥಾನದಲ್ಲಿದೆ. ಹೇಳಿದ ಮಾತು ನಿಜವಾಗಿರುವುದರ ಜೊತೆಗೆ ಅದರ ಪ್ರಕಟಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕೆಂಬುದು ಇದರ ಮೊದಲ ವಿನಾಯಿತಿ. ಸತ್ಯವೆಂದು ಖಚಿತವಾದ ಎಲ್ಲವನ್ನೂ ಪ್ರಕಟಿಸಲಾಗದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಬಹಿರಂಗಪಡಿಸುವುದು ಕಾನೂನಿನಂತೆ ಅಪರಾಧ.

ಸತ್ಯಶೋಧನಾ ಸಂಸ್ಥೆಗಳು

ಈಗಾಗಲೇ ಹರಡಿರುವ ಹೇಳಿಕೆಗಳನ್ನು ಪರೀಕ್ಷಿಸುವ ಪ್ರತ್ಯೇಕ ಸಂಸ್ಥೆಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಹೆಚ್ಚಿದವು. ಅಮೆರಿಕದಲ್ಲಿ 'ಫ್ಯಾಕ್ಟ್‌ಚೆಕ್' ೨೦೦೩ರಲ್ಲಿ, 'ಪೊಲಿಟಿಫ್ಯಾಕ್ಟ್' ೨೦೦೭ರಲ್ಲಿ ಆರಂಭವಾದವು. ಪಾಯಿಂಟರ್ ಸಂಸ್ಥೆಯು ೨೦೧೫ರಲ್ಲಿ ಅಂತರರಾಷ್ಟ್ರೀಯ ಸತ್ಯಶೋಧನಾ ಜಾಲವನ್ನು ರೂಪಿಸಿತು. ಭಾರತದಲ್ಲಿ 'ಆಲ್ಟ್ ನ್ಯೂಸ್' ೨೦೧೭ರಿಂದ ಕೆಲಸ ಮಾಡುತ್ತಿದೆ. 'ಬೂಮ್' ಮೊದಲಾದ ಸಂಸ್ಥೆಗಳೂ ಇವೆ.

ಸತ್ಯವನ್ನು ನಿರ್ಧರಿಸುವ ಅಧಿಕಾರ ಯಾರದೆಂಬ ಪ್ರಶ್ನೆಯು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ಮಾಹಿತಿಯಲ್ಲಿ ಸುಳ್ಳನ್ನು ಗುರುತಿಸಲು ಸರ್ಕಾರದ್ದೇ ಘಟಕವನ್ನು ಸ್ಥಾಪಿಸಲು ೨೦೨೩ರಲ್ಲಿ ಮಾಡಿದ ನಿಯಮ ತಿದ್ದುಪಡಿಯನ್ನು ಬಾಂಬೆ ಹೈಕೋರ್ಟ್ ೨೦೨೪ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತು.

ಮಿತಿಗಳು

ಪರಿಶೀಲನೆಯು ಸುದ್ದಿಯನ್ನು ತಡಮಾಡುತ್ತದೆ. ಸುಳ್ಳಿಗೆ ಅಂತಹ ತಡೆಯಿಲ್ಲ. ತಿದ್ದುಪಡಿಯು ತಪ್ಪು ಸುದ್ದಿ ತಲುಪಿದ ಎಲ್ಲರನ್ನೂ ತಲುಪುವುದಿಲ್ಲ. ತಾಲ್ಲೂಕು ಮಟ್ಟದ ಅರೆಕಾಲಿಕ ಸುದ್ದಿಗಾರರಿಗೆ ಸಮಯವೂ ಸಂಪನ್ಮೂಲವೂ ಕಡಿಮೆ. ಪ್ರತಿಯೊಂದು ವಾಕ್ಯವೂ ನಿಖರವಾಗಿದ್ದು, ಮುಖ್ಯವಾದ ಸಂಗತಿಯನ್ನು ಬಿಟ್ಟದ್ದರಿಂದ ಇಡೀ ವರದಿ ದಾರಿತಪ್ಪಿಸುವುದೂ ಉಂಟು. ಲಿಪ್‌ಮನ್ ೧೯೨೨ರ 'ಪಬ್ಲಿಕ್ ಒಪಿನಿಯನ್' ಕೃತಿಯಲ್ಲಿ ಸುದ್ದಿ ಮತ್ತು ಸತ್ಯ ಒಂದೇ ಅಲ್ಲವೆಂದು ಎಚ್ಚರಿಸಿದ್ದರು. ಸುದ್ದಿಯು ಒಂದು ಘಟನೆಯನ್ನು ಸೂಚಿಸಬಲ್ಲದು; ಅದರ ಹಿಂದೆ ಅಡಗಿರುವ ಸಂಗತಿಗಳನ್ನೂ ಅವುಗಳ ಪರಸ್ಪರ ಸಂಬಂಧವನ್ನೂ ತೋರಿಸುವುದು ಸತ್ಯದ ಕೆಲಸ. ಒಂದು ದಿನದ ವರದಿಯು ಆ ಹೊತ್ತಿಗೆ ದೊರೆತ ಆಧಾರಗಳ ಮಟ್ಟಿಗೆ ಮಾತ್ರ ಸರಿಯಾಗಿರಬಲ್ಲದು. ಆ ಆಧಾರಗಳು ಯಾವುವೆಂದು ಓದುಗರಿಗೆ ತೋರಿಸಿದ ವರದಿಯನ್ನು ಮುಂದಿನ ದಿನಗಳಲ್ಲಿ ಪರೀಕ್ಷಿಸಲೂ ತಿದ್ದಲೂ ಸಾಧ್ಯವಾಗುತ್ತದೆ.